ಶಿಶುವಿಹಾರದ ಗೋಡೆಯ ಮೇಲಿನ ಕೋಣ

ಮಗಳನ್ನು ಶಿಶುವಿಹಾರಕ್ಕೆ ಹಾಕುವ ಮೊದಲು ಮಾಡಬೇಕಾದ ಚಿಂತೆಗಳನ್ನೆಲ್ಲ ನಾನು ಮಾಡಿ ಮುಗಿಸಿದ್ದೆ. ದಾರಿಯಲ್ಲಿ ಬಂಡಿಯ ಎತ್ತು ಹಾಯಬಹುದು. ಬೇರೆ ಮಕ್ಕಳ ತಲೆಯ ಹೇನು ಇವಳ ತಲೆಗೆ ದಾಟಬಹುದು. ಬಳಪ ನುಂಗಬಹುದು. ಮನೆಯ ನೆನಪಾಗಿ ಅತ್ತು ಅತ್ತು ಜ್ವರ ಬರಬಹುದು. ಇಷ್ಟನ್ನೂ ಒಂದೊಂದಾಗಿ ಹೆಂಡತಿಗೆ ಹೇಳಿದಾಗ ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸದೆ, "ಸಾಲಿ ಮಾಡು ಬಿದ್ದರ ಅನ್ನೂದೊಂದು ಮರತ್ರಿ" ಎಂದಳು. ಆ ರಾತ್ರಿಯಿಂದ ಶಾಲೆಯ ಚಾವಣಿ ಬೀಳುವ ಚಿಂತೆಯೂ ಸೇರಿಕೊಂಡಿತು. ಆದರೆ ನಿಜವಾಗಿ ಆದದ್ದು ನನ್ನ ಚಿಂತೆಗಳ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಬಾಳಿನಲ್ಲಿ ಯಾವಾಗಲೂ ಹೀಗೇ. ಪಟ್ಟ ಚಿಂತೆಯೆಲ್ಲ ದಂಡ, ಪಡಬೇಕಾದದ್ದು ಬಾಕಿ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ನಾವು ಗೋಕಾಕದಲ್ಲಿ, ಹೊಳೆಗೆ ಇಳಿಯುವ ಓಣಿಯಲ್ಲಿ ಇದ್ದೆವು. ನಾನು ಕೋರ್ಟಿನಲ್ಲಿ ಕಾರಕೂನ. ದಿನವೆಲ್ಲ ಬೇರೆಯವರ ಜಗಳವನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಸಂಜೆ ಮನೆಗೆ ಬಂದು ನನ್ನ ಮನಸ್ಸಿನೊಳಗಿನ ಜಗಳ ಕೇಳುತ್ತ ಕೂಡುವುದು ನನ್ನ ದಿನಚರಿ. ಮನೆಯ ಮುಂದಿನ ಅಂಕಣದಲ್ಲಿ ಎಮ್ಮೆ. ಅದರಾಚೆ ಒಂದು ಮೆಟ್ಟಿಲಿನಷ್ಟು ಎತ್ತರಕ್ಕೆ ಪಡಸಾಲೆ. ಪಡಸಾಲೆಯ ಕಂಬದ ಬಳಿ ನನ್ನ ಅವ್ವನ ಹಾಸಿಗೆ. ಅವ್ವನ ಕಾಲು ಬಾತಿದ್ದವು, ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕುತ್ತಿತ್ತು. ಮಲಗಿದಲ್ಲಿಂದಲೇ ಮನೆ ನಡೆಸುತ್ತಿದ್ದಳು. ಹೊತ್ತು ಹೊತ್ತಿಗೆ ಗಂಜಿ, ಹಾಲು ಹೋಗುತ್ತಿರಬೇಕು, ಒಂದು ಹೊತ್ತು ತಪ್ಪಿದರೂ ಈ ಜೀವ ತಡೆಯಲಿಕ್ಕಿಲ್ಲ ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಇಂಥದ್ದನ್ನು ಹೇಳಲು ಅವರಿಗೆ ನನಗಿಂತ ಒಳ್ಳೆಯ ಗಿರಾಕಿ ಸಿಗುತ್ತಿರಲಿಲ್ಲ.

ಮಗಳನ್ನು ಶಾಲೆಗೆ ಹಾಕಿದ್ದು ಅವ್ವನ ಆರೈಕೆಗೆ ಹೆಂಡತಿಯ ಕೈ ಬಿಡುವಾಗಲಿ ಎಂದು. ಅವ್ವನಿಗೆ ಮಾತ್ರ ಅದು ಸೇರಲಿಲ್ಲ.

"ಇಷ್ಟ ಸಣ್ಣ ಕೂಸಿಗೆ ಎಂಥಾ ಸಾಲಿನೋ ತಮ್ಮಾ? ಅಕಿಗೆ ಇನ್ನೂ ಮೂಗು ಒರಸ್ಕೊಳ್ಳಾಕ ಬರೂದಿಲ್ಲ."

"ಅದನ್ನೂ ಅಲ್ಲೇ ಕಲಸ್ತಾರಂತವಾ."

"ಮೂಗು ಒರಸಾಕೂ ಸಾಲಿ ಬಂದ್ವು ಅನ್ನು."

ಶಿಶುವಿಹಾರವೆಂದರೆ ಒಂದು ಹಳೆಯ ವಾಡೆಯ ದೊಡ್ಡ ಕೋಣೆ. ಅಷ್ಟೂ ಮಕ್ಕಳಿಗೆ ಕಲಿಸಲು ಒಬ್ಬರೇ ಅಕ್ಕೋರು. ಹುಕ್ಕೇರಿ ಕಡೆಯ ಜೈನರ ಹೆಣ್ಣುಮಗಳು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಪುಣೆಯಲ್ಲಿ ಕಲಿತು ಬಂದವರು. ಮಕ್ಕಳೊಡನೆ ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುತ್ತಿದ್ದರು. ಮಕ್ಕಳಿಗೆ ಹಾಡು, ಎಣಿಕೆ, ಮಣಿ ಪೋಣಿಸುವುದು, ದಾರಕ್ಕೆ ತರತರದ ಗಂಟು ಹಾಕುವುದು ಇವನ್ನೆಲ್ಲ ಕಲಿಸುತ್ತಿದ್ದರು. ಮಗಳು ಗಂಟಿನಲ್ಲಿ ಬಹಳ ಮುಂದುವರಿದಳು. ನನ್ನ ಕೊಡೆಯನ್ನು ಗೂಟಕ್ಕೆ ಕಟ್ಟಿಹಾಕಿದ್ದರಿಂದ ಒಂದು ದಿನ ನಾನು ಮಳೆಯಲ್ಲಿ ನೆನೆದೇ ಕೋರ್ಟಿಗೆ ಹೋದೆ.

ಮೊದಲ ಚಿಂತೆ ಹತ್ತಿದ್ದು ಪ್ರಾರ್ಥನೆಯ ವಿಷಯಕ್ಕೆ. ಒಂದು ಸಂಜೆ ಅವಳು ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಕೈಮುಗಿದು ಮರಾಠಿಯಲ್ಲಿ ಗಣಪತಿಯ ಹಾಡು ಹೇಳತೊಡಗಿದಳು. ನಾವು ಲಿಂಗವಂತರು. ನಮ್ಮ ದೇವರು ಮೈಮೇಲೇ ಇರುತ್ತಾನೆ. ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿ, ಬಟ್ಟೆಯಲ್ಲಿ ಸುತ್ತಿ, ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಎದುರಿನ ಗೋಡೆಗೆ ಕೈಮುಗಿಯುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ನನಗಿಂತ ಬಿಗಿಯಾದ ಅವ್ವ ಏನನ್ನುತ್ತಾಳೋ ಎಂದು ಅಂಜುತ್ತಲೇ ಹೇಳಿದೆ.

"ಮುಗೀಲಿ ಬಿಡು, ಕೈ ಸವೀತಾವೇನು?" ಎಂದಳು ಅವ್ವ. "ನೀನೂ ಸಣ್ಣವಿದ್ದಾಗ ಮೊಹರಮ್ ಹಬ್ಬದಾಗ ಪೀರಲ ದೇವರಿಗೆ ಸಕ್ಕರಿ ಓದಿಸಿ, ತಿಂದು ಬಂದಿದ್ದಿ. ನಿನ್ನ ಲಿಂಗ ಮುನಿಸ್ಕೊಂಡಿತೇನು?"

ಅಲ್ಲಿಗೆ ಅದು ಮುಗಿಯಿತು. ನನಗೆ ಚೂರು ನಿರಾಸೆಯೇ ಆಯಿತೆನ್ನಬೇಕು.

ಆಮೇಲೆ ಬಂದದ್ದು ಕೋಣ. ಸಂಜೆ ಹೊಳೆಯಿಂದ ಎಮ್ಮೆ ತಾನಾಗಿಯೇ ಮನೆಗೆ ಬರುವ ಹೊತ್ತು. ಅದು ಹೊಸ್ತಿಲು ದಾಟುತ್ತಿದ್ದಂತೆಯೇ ಮಗಳು ಚೀರಿಕೊಂಡು ಪಡಸಾಲೆಗೆ ಓಡಿ, ಎರಡೂ ಕೈ ಅಗಲಿಸಿ ಅವ್ವನ ಹಾಸಿಗೆಗೆ ಅಡ್ಡ ನಿಂತಳು.

"ಅಪ್ಪಾ, ಎಮ್ಮಿ ಒಳಗ ತರಬ್ಯಾಡಾ! ಆಯಿನ್ನ ಒಯ್ತೈತಿ!"

ಆಯಿ ಎಂದರೆ ನನ್ನ ಅವ್ವ. ಕೇಳಿದಾಗ ಒಂದೊಂದೇ ಹೊರಗೆ ಬಂತು. ಶಾಲೆಯ ಗೋಡೆಗೆ ಹೊಸ ಪಟ ಹಾಕಿದ್ದಾರೆ. ಅದರಲ್ಲಿ ಯಮ ಇದ್ದಾನೆ. ಕೈಯಲ್ಲಿ ಹಗ್ಗ. ಮುದುಕರನ್ನು, ಜಡ್ಡಿನವರನ್ನು ಕೋಣದ ಮೇಲೆ ಬಂದು ಒಯ್ಯುತ್ತಾನೆ. ಸುಳ್ಳು ಹೇಳಿದವರ ನಾಲಿಗೆಯನ್ನು ಇಕ್ಕಳ ಹಾಕಿ ಎಳೆಯುತ್ತಾನೆ.

"ಅದು ಕೋಣ, ಇದು ಎಮ್ಮಿ," ಎಂದಳು ನನ್ನ ಹೆಂಡತಿ. "ದಿನಾ ಹಾಲ ಕರೆಯೂದು ಕಾಣೂದಿಲ್ಲೇನ ನಿನಗ?"

"ಪಟದಾಗ ಅವಾ ಮ್ಯಾಲೆ ಕುಂತಾನ. ಕೆಳಗ ಏನೂ ಕಾಣೂದಿಲ್ಲ."

ಆಮೇಲೆ ಮಗಳು ನನ್ನನ್ನು ಮೂಲೆಗೆ ಕರೆದು, ಪಿಸುಮಾತಿನಲ್ಲಿ, "ಆಯಿ ಸುಳ್ಳ ಹೇಳತಾಳಪ್ಪಾ. ಔಷಧ ಕುಡದೇನಿ ಅಂತಾಳ, ಎಮ್ಮಿ ಬಾನ್ಯಾಗ ಚೆಲ್ತಾಳ" ಎಂದಳು. ಅವ್ವ ಔಷಧವನ್ನು ಎಮ್ಮೆಯ ಮುಸುರೆಗೆ ಸುರಿಯುತ್ತಿದ್ದದ್ದು ನನಗೂ ಆಗಲೇ ತಿಳಿದದ್ದು. ಎಮ್ಮೆ ಆ ತಿಂಗಳು ಗಟ್ಟಿಮುಟ್ಟಾಗಿ ಇದ್ದದ್ದೂ ಖರೆ.

"ಅಪ್ಪಾ, ಯಮಾ ಖರೇನ ಅದಾನೇನು? ಆಯಿನ್ನ ಒಯ್ತಾನೇನು?"

ನಾನು ಹೇಳಬೇಕಾದದ್ದು ಇಲ್ಲ ಎಂಬ ಒಂದೇ ಮಾತು. ಲಿಂಗ ಕಟ್ಟಿಕೊಂಡವರಿಗೆ ಯಮನೂ ಇಲ್ಲ, ನರಕವೂ ಇಲ್ಲ ಎಂಬುದನ್ನು ನಾನು ಹಾಲಿನ ಜೊತೆಗೇ ಕುಡಿದು ಬೆಳೆದವನು. ಆದರೆ ಗಟ್ಟಿಯಾಗಿ ಇಲ್ಲ ಎಂದುಬಿಟ್ಟು, ಆಮೇಲೆ ಇದ್ದರೆ? ಕೋರ್ಟಿನಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಶಿಕ್ಷೆಯೇ ಇಲ್ಲದ ಒಂದು ಊರಿದೆ ಎಂದು ನಂಬುವುದು ಕಷ್ಟ. "ನೋಡೂಣು," ಎಂದೆ. ಮಗು ನನ್ನ ಮುಖ ನೋಡಿತು. ಆ 'ನೋಡೂಣು' ಅವಳಿಗೆ ಹೌದೆಂದೇ ಕೇಳಿಸಿತು.

ಅವ್ವ ಮಲಗಿದಲ್ಲಿಂದಲೇ ಕೂಗಿ ಹೇಳಿದಳು: "ಏನ್ ಗುಸುಗುಸು ಅದು? ಲಿಂಗ ಕಟಗೊಂಡಾರ ಕಡೆ ಯಮಾ ಬರೂದಿಲ್ಲಬೇ ಹುಚ್ಚೀ. ಬಾ, ಮಕ್ಕೋ ಬಾ."

ಮಗಳು ಹೋಗಿ ಮಲಗಿದಳು. ಆದರೆ ಆವತ್ತಿನಿಂದ ಎಮ್ಮೆಯ ಕಡೆ ಮುಖ ಮಾಡಿ ಮಲಗುವ ರೂಢಿಯಾಯಿತು. ಎಮ್ಮೆ ಕಿವಿ ಝಾಡಿಸಿದರೂ ಎದ್ದು ಕೂಡುತ್ತಿದ್ದಳು. ನಾನು ಎದ್ದು ಕೂಡುವುದು ಹೊಸದಲ್ಲ. ಈಗ ಇಬ್ಬರೂ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ನನ್ನಿಂದ ಇವಳಿಗೆ ಯಾವುದು ಬರಬಾರದೆಂದು ಅಂದುಕೊಂಡಿದ್ದೆನೋ ಅದೇ, ನನ್ನ ಅಂಜಿಕೆಯೇ, ಬಂದಿತ್ತು.

ರಜೆ ಹಾಕಿ ಶಾಲೆಗೆ ಹೋದೆ. ಪಟ ದೊಡ್ಡದು, ಮುಂಬಯಿಯಲ್ಲಿ ಅಚ್ಚಾದದ್ದು. ಮೇಲೆ ಯಮ, ಕೋಣ. ಕೆಳಗೆ ಸಣ್ಣ ಸಣ್ಣ ಚೌಕದ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಶಿಕ್ಷೆ. ಕದ್ದವರಿಗೆ ಎಣ್ಣೆಯ ಕಡಾಯಿ, ಸುಳ್ಳು ಹೇಳಿದವರಿಗೆ ಇಕ್ಕಳ, ಅತ್ತೆಯನ್ನು ಬೈದ ಸೊಸೆಗೆ ಮುಳ್ಳಿನ ಗಿಡ. ಸೊಸೆಯನ್ನು ಬೈದ ಅತ್ತೆಗೆ ಮನೆಯೇ ಇರಲಿಲ್ಲ. ಆಮೇಲೆ ಹೆಂಡತಿಗೆ ಇದನ್ನು ಹೇಳಿದಾಗ, "ಅತ್ತಿ ಕಡೆಯಾಂವ ಯಾವನೋ ಬರದಾನ ಬಿಡ್ರಿ" ಎಂದಳು. ಸುಳ್ಳು ಸಾಕ್ಷಿ ಬರೆದುಕೊಂಡವರಿಗೆ ಏನಾದರೂ ಇದೆಯೋ ಎಂದು ನಾನು ಹುಡುಕಿದೆ. ಇರಲಿಲ್ಲ. ಮನಸ್ಸು ಹಗುರಾಯಿತು.

ಅಕ್ಕೋರು ನೆಲದ ಮೇಲೆ ಕೂತು ಒಬ್ಬ ಹುಡುಗನ ಅಂಗಿಯ ಗುಂಡಿ ಹಾಕುತ್ತಿದ್ದರು. ನಾನು ಕೋರ್ಟಿನ ಅರ್ಜಿಯ ಧಾಟಿಯಲ್ಲಿ, ಇಂತಿಂಥ ಕಾರಣದಿಂದ ಮಗಳಿಗೆ ಅಂಜಿಕೆಯಾಗಿದೆ ಎಂದು ವಿವರಿಸಿದೆ.

"ಅಂಜಿಕಿ ನನಗೂ ಆಗತೈತ್ರಿ," ಎಂದರು ಅವರು. "ಪಟ ಜವಳಿ ಅಂಗಡಿ ಸಾವುಕಾರ್ರು ಕೊಟ್ಟದ್ದು. ವಾಡೇನೂ ಅವರದ. ತಗೀರಿ ಅಂತ ಹೆಂಗ ಅನ್ಲಿ? ಮತ್ತ ಖರೆ ಹೇಳಲ್ರಿ? ಅದು ಬಂದಾಗಿಂದ ಮಕ್ಕಳು ಸುಮ್ಮ ಕುಂಡ್ರತಾವ. ಇಷ್ಟ ಮಕ್ಕಳೊಳಗ ನಾ ಒಬ್ಬಾಕಿ."

"ಆದ್ರ ನಮ್ಮೊಳಗ ನರಕ ಇಲ್ರಿ ಅಕ್ಕೋರ."

"ನಿಮ್ಮದು ಚಲೋ ಆತಲ್ರಿ," ಎಂದು ಅವರು ನಕ್ಕರು. "ನಮ್ಮೊಳಗ ಏಳು ಅದಾವ. ಅವುಗಳ ಮುಂದ ಈ ಪಟ ಏನೂ ಅಲ್ಲ." ಮತ್ತೆ ನಗು ನಿಲ್ಲಿಸಿ ಹೇಳಿದರು: "ನೀವು ಮನ್ಯಾಗ ಇಲ್ಲ ಅಂತ ಹೇಳ್ರಿ. ನಾ ಇಲ್ಲೆ ಹೌದು ಅನ್ನೂದಿಲ್ಲ. ಅಷ್ಟ ನನ್ನ ಕೈಯಾಗಿಂದು."

ಬಹಳ ಸರಳವಾದ ಒಪ್ಪಂದ. ಆದರೆ ಮನೆಯಲ್ಲಿ ಇಲ್ಲ ಎನ್ನಬೇಕಾದವನು ನಾನೇ ಎಂಬುದು ಅವರಿಗೇನು ಗೊತ್ತು. ನಾನು ಹೊರಡುವಾಗ ಅವರು ಪಟದ ಮೇಲೆ ಒಂದು ಹಳೆಯ ಸೀರೆಯ ತುಂಡು ಇಳಿಬಿಟ್ಟರು. ಮರುದಿನದಿಂದ ಮಕ್ಕಳು ಹಾಡು ಬಿಟ್ಟು, ಸರದಿಯ ಮೇಲೆ ಸೀರೆ ಎತ್ತಿ ನೋಡುವ ಆಟ ಶುರು ಮಾಡಿದರಂತೆ.

ಅದಾದ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಮಗಳಿಗೆ ಮೈ ತೊಳೆಯಿಸಲು ಹೋದ ಹೆಂಡತಿ ಬಚ್ಚಲಿನಿಂದ ಕೂಗಿಕೊಂಡಳು. ಮಗಳ ಕೊರಳಲ್ಲಿ ಲಿಂಗವಿರಲಿಲ್ಲ. ದಾರ, ಬಟ್ಟೆ ಏನೂ ಇಲ್ಲ.

ಲಿಂಗ ಕಳೆದರೆ ಅದು ಸಿಗುವತನಕ, ಇಲ್ಲವೆ ಮನೆತನದ ಗುರುಗಳಾದ ಅಯ್ಯನವರು ಬಂದು ಬೇರೊಂದು ಕಟ್ಟುವತನಕ, ಕಳೆದುಕೊಂಡವರು ಬಾಯಿಗೆ ನೀರು ಸಹ ಹಾಕಬಾರದು. ಈಗಿನವರು ಅಷ್ಟು ನೋಡುವುದಿಲ್ಲ. ಅವ್ವ ಈಗಿನವಳಾಗಿರಲಿಲ್ಲ. ಹೆಂಡತಿ ಗಂಜಿಯ ಬಟ್ಟಲು ತಂದಾಗ ಅದನ್ನು ಅಂಗೈಯಿಂದ ಹಿಂದಕ್ಕೆ ಸರಿಸಿದಳು.

"ಕೂಸಿಗೆ ಹಾಲ ಕುಡಸ್ರಿ. ಅದಕ್ಕೇನು ತಿಳೀತೈತಿ. ಅದರ ಪಾಲಿನ ಉಪವಾಸ ನಾ ಇರತೇನಿ."

"ಅವ್ವಾ, ಡಾಕ್ಟರ್ರು..."

"ಡಾಕ್ಟರ್ರಿಗೇನು ಲಿಂಗ ಐತೇನು? ನಿನ್ನ ಕೆಲಸಾ ನೋಡಹೋಗು. ಹುಡಕು."

ನಮ್ಮ ಮನೆತನದ ಅಯ್ಯನವರು ಇದ್ದದ್ದು ಯಮಕನಮರಡಿಯಲ್ಲಿ. ಅವರು ಆ ವಾರ ಮೂಡಲಗಿ ಕಡೆಯ ಶಿಷ್ಯರ ಮನೆಗಳಿಗೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಯಾವ ಮನೆ, ಯಾವ ಹಳ್ಳಿ, ಯಾರಿಗೂ ಗೊತ್ತಿಲ್ಲ. ಹುಡುಕಿ ಕರೆತರಲು ಎರಡು ದಿನವಾದರೂ ಬೇಕು. ಅವ್ವನ ತುಟಿ ಆಗಲೇ ಒಣಗಿದ್ದವು. ನಾನು ಹಾಸಿಗೆ ಝಾಡಿಸಿದೆ, ಕಾಳಿನ ಡಬ್ಬಿ ಬೋರಲು ಹಾಕಿದೆ, ಬಚ್ಚಲಿನ ಮೋರಿಗೆ ಕೈ ಹಾಕಿದೆ. ಮಗಳನ್ನು ಕೇಳಿದರೆ ಕಂಬಕ್ಕೆ ಆತು, ತನ್ನ ಪಾದ ನೋಡುತ್ತ ನಿಂತಳು.

ಆಗ ನನ್ನ ತಲೆಯಲ್ಲಿ ಎಲ್ಲ ತನ್ನಷ್ಟಕ್ಕೇ ಜೋಡಿಸಿಕೊಂಡಿತು. ಗಣಪತಿಯ ಹಾಡು, ಯಮನ ಪಟ, ಈಗ ಇದು. ಶಾಲೆಯಲ್ಲೇ ಬಿಚ್ಚಿಸಿದ್ದಾರೆ. ಕೋಟು ತೊಟ್ಟೆ, ರುಮಾಲು ಸುತ್ತಿದೆ. ಇಷ್ಟು ದಿನ ಬೇರೆಯವರ ಜಗಳ ಬರೆದವನು ಇಂದು ನನ್ನದೇ ಒಂದು ಜಗಳ ಮಾಡುವುದೆಂದು ಹೊಸ್ತಿಲು ದಾಟಿದೆ. ಮಗಳು ಹಿಂದಿನಿಂದ ಬಂದು ಕೋಟಿನ ತುದಿ ಹಿಡಿದಳು.

"ಅಕ್ಕೋರಿಗೆ ಬೈಬ್ಯಾಡಪ್ಪಾ. ಅವರು ತಗೊಂಡಿಲ್ಲ. ಎಮ್ಮಿಗಿ ಕಟ್ಟೇನಿ."

ಎಮ್ಮೆ ಆಗಲೇ ಹಿಂಡಿನ ಜೊತೆ ಹೊಳೆಗೆ ಹೋಗಿ ಬಹಳ ಹೊತ್ತಾಗಿತ್ತು. ಯಾಕೆ ಎಂದು ಕೇಳಲೂ ನಿಲ್ಲದೆ ಓಡಿದೆ.

ಘಟಪ್ರಭೆಯ ಮಡುವಿನಲ್ಲಿ ಊರಿನ ಎಮ್ಮೆಗಳೆಲ್ಲ ಕೂತಿದ್ದವು. ನೀರಿನ ಮೇಲೆ ಕಾಣುವುದು ಮೂಗು ಮತ್ತು ಕೋಡು ಮಾತ್ರ. ದಿನಾ ಎರಡು ಹೊತ್ತು ಅದರ ಹಾಲು ಕುಡಿಯುವ ನನಗೆ ನಮ್ಮ ಎಮ್ಮೆಯ ಮುಖದ ಗುರುತು ಹತ್ತಲಿಲ್ಲ. ದಂಡೆಯ ಮೇಲೆ ದನ ಕಾಯುವ ಮುದುಕ ಕಂಬಳಿ ಹಾಸಿ ಕೂತಿದ್ದ.

"ಮುತ್ತ್ಯಾ, ನಮ್ಮ ಎಮ್ಮಿ ಎಬ್ಬಸು ಲಗೂನ."

"ಕುಂಡ್ರರಿ ರಾವಸಾಹೇಬ್ರ. ಈ ಬಿಸಲಾಗ ಯಮಾ ಬಂದು ಕರದ್ರೂ ಅವು ಏಳೂದಿಲ್ಲ."

ಆದರೂ ಕೋಟು ಕಳಚಿಟ್ಟು ಮೊಣಕಾಲ ಮಟ ನೀರಿಗಿಳಿದು, ನಮ್ಮದಿರಬಹುದು ಅನ್ನಿಸಿದ ಎಮ್ಮೆಯೊಂದರ ಕೊರಳಿಗೆ ಕೈ ಹಾಕಿದೆ. ಅದು ಯಾರದ್ದೋ. ಒಮ್ಮೆ ತಲೆ ಕೊಡವಿ ನನ್ನನ್ನು ಕೆಸರಿನಲ್ಲಿ ಕೂಡಿಸಿತು. ಮುದುಕ ನಗಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ. ಆಮೇಲೆ ದಂಡೆಯಲ್ಲಿ ಕೂತೆ. ಹೊತ್ತು ಇಳಿಯುವುದನ್ನು ಕಾಯುವುದಲ್ಲದೆ ಮಾಡುವಂಥದ್ದು ಏನೂ ಇರಲಿಲ್ಲ. ನೀರಿನಲ್ಲಿ ಇಷ್ಟು ಹೊತ್ತು ಇದ್ದ ದಾರ ಉಳಿಯುತ್ತದೆಯೇ? ಸಣ್ಣ ಕೂಸು ಕಟ್ಟಿದ ಗಂಟು. ಅವ್ವ ಈಗ ಏನು ಮಾಡುತ್ತಿರಬಹುದು? ನಾನು ಮೈ ಒಣಗಿಸಿಕೊಳ್ಳುತ್ತ, ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಈ ಹೊಳೆಯ ದಂಡೆ ತಪ್ಪುತ್ತಿತ್ತೋ ಏನೋ ಎಂದು ಯೋಚಿಸುತ್ತ ಕೂತೆ. ಹಾಗೆ ಯೋಚಿಸಲೂ ದಣಿವಾಗಿತ್ತು.

ಬಿಸಿಲು ತಣಿದ ಮೇಲೆ ಎಮ್ಮೆಗಳು ತಾವಾಗಿಯೇ ಎದ್ದವು. ಮೈತುಂಬ ಕೆಸರು. ಒಂದು ಎಮ್ಮೆ ನೆಟ್ಟಗೆ ನಮ್ಮ ಓಣಿ ಹಿಡಿದಾಗ, ಇದೇ ನಮ್ಮದು ಎಂದು ತಿಳಿಯಿತು. ಹತ್ತಿರ ಹೋದರೆ ಓಡುತ್ತಿತ್ತು. ಹೀಗಾಗಿ ಕೋಟು ಹೆಗಲ ಮೇಲೆ ಹಾಕಿಕೊಂಡು ಮನೆಯತನಕ ಅದರ ಬಾಲದ ಹಿಂದೆಯೇ ನಡೆದೆ. ಕೋರ್ಟಿನ ಕಡೆಯಿಂದ ಬರುತ್ತಿದ್ದ ಇಬ್ಬರು ವಕೀಲರು ನನಗೆ ನಮಸ್ಕಾರ ಮಾಡಲೋ ಬೇಡವೋ ಎಂದು ನಿಂತು, ಕಡೆಗೆ ಎಮ್ಮೆಗೆ ದಾರಿ ಬಿಟ್ಟರು.

ಮಗಳು ಬಾಗಿಲಲ್ಲೇ ಕಾದಿದ್ದಳು. ಎಮ್ಮೆ ಅವಳೆದುರು ಸುಮ್ಮನೆ ನಿಂತಿತು. ಕೊರಳ ಗಂಟೆಯ ಹಗ್ಗದ ಮೇಲಿನ ಕೆಸರು ಕೆರೆದಾಗ ಕೆಳಗೆ ಒಂದು ಗಟ್ಟಿ ಉಂಡೆ ಕೈಗೆ ಹತ್ತಿತು. ಬಟ್ಟೆ ಇತ್ತು. ಒಳಗೆ ಲಿಂಗವೂ ಇತ್ತು. ಗಂಟು ನೆನೆದು ಕಲ್ಲಾಗಿತ್ತು. ಉಗುರಿನಿಂದ ಎಳೆದೆ, ನಾಚಿಕೆ ಬಿಟ್ಟು ಹಲ್ಲಿನಿಂದಲೂ ಕಚ್ಚಿ ನೋಡಿದೆ.

"ಹಂಗಲ್ಲಪ್ಪಾ," ಎಂದಳು ಮಗಳು. "ಅಕ್ಕೋರ ಗಂಟು ಹಿಂದಿಂದ ಬಿಚ್ಚಬೇಕು." ಬಿಚ್ಚಿದಳು.

ಪಟ ಹಾಕಿದ ಶಾಲೆಯೇ ಈ ಗಂಟನ್ನೂ ಕಲಿಸಿತ್ತು. ಯಾವುದಕ್ಕೆ ಬೈಯಬೇಕು, ಯಾವುದಕ್ಕೆ ಕೈಮುಗಿಯಬೇಕು ಎಂದು ವಿಚಾರಿಸುವ ತ್ರಾಣ ನನ್ನಲ್ಲಿ ಇರಲಿಲ್ಲ.

ತೊಳೆದು ಅವ್ವನ ಅಂಗೈಯಲ್ಲಿ ಇಟ್ಟೆ. ಅವ್ವನ ಕಣ್ಣು ಗುಳಿಬಿದ್ದಿದ್ದವು. ಲಿಂಗವೇನೋ ಸಿಕ್ಕಿತು, ದಿನವಿಡೀ ಎಮ್ಮೆಯ ಕೊರಳಲ್ಲಿ ಇದ್ದದ್ದು ನಡೆಯುತ್ತದೆಯೋ? ನಡೆಯದು ಎಂದರೆ ಬೆಳಗಿನ ಮೋಟಾರಿಗೆ ಮೂಡಲಗಿ, ಅಲ್ಲಿಂದ ಬಂಡಿ. ಅಷ್ಟರತನಕ ಅವ್ವ? ನಾನು ಮನಸ್ಸಿನಲ್ಲೇ ಹೊರಟು ನಿಂತಿದ್ದೆ.

ಅವ್ವ ಮಗಳನ್ನು ಹತ್ತಿರ ಕರೆದಳು. ದನಿ ಒಣಗಿತ್ತು. "ಎಮ್ಮಿಗಿ ಯಾಕ ಕಟ್ಟಿದಿ?"

"ನೀನ ಅಂದೀಯಲಾ ಆಯಿ, ಲಿಂಗ ಕಟಗೊಂಡಾರ ಕಡೆ ಯಮಾ ಬರೂದಿಲ್ಲಂತ. ಎಮ್ಮಿ ಲಿಂಗ ಕಟಗೊಂಡ್ರ ಯಮನ್ನ ಮ್ಯಾಲೆ ಹತ್ತಸ್ಕೊಳ್ಳೂದಿಲ್ಲ. ಅವಾ ಇಷ್ಟ ದೂರ ನಡಕೋಂತ ಹೆಂಗ ಬರತಾನ?"

ಅವ್ವನ ಹೊಟ್ಟೆ ಅಲುಗತೊಡಗಿತು. ಉಸಿರು ಕಟ್ಟಿತೇನೋ ಎಂದು ನಾನು ಗಾಬರಿಯಿಂದ ಬಾಗಿದೆ. ನಗುತ್ತಿದ್ದಳು.

"ನಮ್ಮ ತವರಮನ್ಯಾಗ ಹೇಳತಿದ್ರು," ಎಂದಳು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ. "ಹಿಂದಕ ನೇಮದಾವ್ರು ಆಕಳಾ ಎಮ್ಮಿಗಿ ಲಿಂಗ ಕಟ್ಟಿ ಹಾಲ ಹಿಂಡತಿದ್ರಂತ. ಲಿಂಗ ಇಲ್ಲದಾವ್ರ ಹಾಲ ಕುಡೀಬಾರದಂತ. ನಾ ಇಷ್ಟ ವರ್ಷ ನೇಮಾ ನೇಮಾ ಅಂದು ಲಿಂಗ ಇಲ್ಲದ ಎಮ್ಮಿ ಹಾಲ ಕುಡದೇನಿ ನೋಡು. ಇವತ್ತ ಒಂದು ದಿನ ಶುದ್ಧ ಹಾಲ ಸಿಕ್ಕೈತಿ. ಹಿಂಡಿಕೊಂಡು ಬಾಬೇ, ಏನ ನೋಡ್ಕೋಂತ ನಿಂತಿ?" ಎಂದು ಸೊಸೆಯ ಕಡೆ ತಿರುಗಿದಳು.

ಲಿಂಗವನ್ನು ತನ್ನ ಕೈಯಿಂದಲೇ ಮಗಳ ಕೊರಳಿಗೆ ಕಟ್ಟಿದಳು. ಹೆಂಡತಿ ಬೆಚ್ಚಗಿನ ಹಾಲು ತಂದಳು. ಅವ್ವ ಬಟ್ಟಲು ಪೂರ್ತಿ ಕುಡಿದಳು.

"ಔಷಧ?" ಎಂದೆ.

"ಕುಡದೇನಿ."

"ಆಯೀ!" ಎಂದು ಮಗಳು ತನ್ನ ನಾಲಿಗೆ ಹೊರಗೆ ಚಾಚಿ, ಎರಡು ಬೆರಳಿನಿಂದ ಹಿಡಿದು ತೋರಿಸಿದಳು.

"ತಾ ಮಾರಾಯ್ತಿ, ಅದನ್ನೂ ತಾ," ಎಂದಳು ಅವ್ವ. ಅಂದಿನಿಂದ ಎಮ್ಮೆಗೆ ಔಷಧ ತಪ್ಪಿತು.

ಮಗಳನ್ನು ಶಾಲೆ ಬಿಡಿಸಲಿಲ್ಲ. ಅಕ್ಕೋರೊಡನೆ ಮತ್ತೆ ಮಾತಾಡಲೂ ಹೋಗಲಿಲ್ಲ. ಪಟ ಅಲ್ಲೇ ಇತ್ತು, ಸೀರೆಯ ತುಂಡಿನ ಹಿಂದೆ. ಮಗಳು ಎಮ್ಮೆಗೆ ಅಂಜುವುದನ್ನು ಬಿಟ್ಟಳು. ಅದು ಲಿಂಗ ಕಟ್ಟಿಕೊಂಡ ಎಮ್ಮೆ ಎಂದು ಓಣಿಯ ಮಕ್ಕಳಿಗೆಲ್ಲ ತೋರಿಸುತ್ತಿದ್ದಳು. ನಾನು ಮಾತ್ರ ಇರುಳು ಎಮ್ಮೆಯ ಗಂಟೆ ಕೇಳಿದರೆ ಎದ್ದು ಕೂಡುತ್ತಿದ್ದೆ. ಈಗ ಒಬ್ಬನೇ.

ಅವ್ವ ಹೋದದ್ದು ಮುಂದಿನ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಹಲ್ಲುಜ್ಜಲು ನೀರು ಕೇಳಿ, ನೀರು ಬರುವುದರೊಳಗೆ. ಮಣ್ಣು ಕೊಟ್ಟು ಬಂದ ಮೇಲೆ ಮನೆಯ ತುಂಬ ಜನ. ಹೆಂಗಸರ ಅಳು, ಗಂಡಸರ ಕೆಮ್ಮು. ಎಲ್ಲಿ ಕೂಡಬೇಕೆಂದು ತಿಳಿಯದೆ ನಾನು ಅಂಕಣದಲ್ಲಿ ನಿಂತಿದ್ದೆ. ಮಗಳು ಬಂದು ಕೈ ಹಿಡಿದು ಎಮ್ಮೆಯ ಹತ್ತಿರ ಕರೆದೊಯ್ದಳು. ಅದು ಮೆಲುಕು ಹಾಕುತ್ತ ಮಲಗಿತ್ತು.

"ಅಪ್ಪಾ, ಇದು ನಿನ್ನೆ ಸಂಜಿಯಿಂದ ಇಲ್ಲೇ ಐತಿ," ಎಂದಳು. "ಎಲ್ಲೂ ಹೋಗಿಲ್ಲ. ನಾ ನೋಡೇನಿ. ಯಮಾ ಬಂದಿಲ್ಲ."

ಈ ಸಲ ನಾನು ನೋಡೂಣು ಎನ್ನಲಿಲ್ಲ.

"ಇಲ್ಲವಾ," ಎಂದೆ. "ಬಂದಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಬೆಳಗಿನಿಂದ ಎಮ್ಮೆಗೆ ಯಾರೂ ಮೇವು ಹಾಕಿರಲಿಲ್ಲ. ನಾನು ಒಂದು ಹೊರೆ ಕಣಿಕೆ ತಂದು ಹಾಕಿ, ಅದು ತಿನ್ನುವುದನ್ನು ನೋಡುತ್ತ ಅಲ್ಲೇ ಕೂತೆ.